ಮಗ್ಗದಲ್ಲಿ ಬಿಡುವ ಹಳೆಯ ಎಳೆ

"ಅಜ್ಜಾರೇ, ಬಂದ ಮಕ್ಕಳು ಯಾಕೆ ನಿಲ್ಲುವುದಿಲ್ಲ?"

ಕೇಳಿದವನು ಮಲ್ಲಿನಾಥ. ಚಿಕ್ಕಂದಿನಲ್ಲಿ ಮಠದ ಅನ್ನ ಉಂಡು ಓದಿದವನು, ಈಗ ಪಕ್ಕದ ಊರಿನ ಕಾಲೇಜಿನಲ್ಲಿ ಹಿರಿಯ ಮೇಷ್ಟ್ರು. ಮನಸ್ಸು ಭಾರವಾದಾಗಲೆಲ್ಲ ಮಠದ ಗುರುಗಳ ಹತ್ತಿರ ಬಂದು ಕೂರುತ್ತಿದ್ದ. ಅವರನ್ನು ಊರೆಲ್ಲ ಅಜ್ಜಾರು ಎನ್ನುತ್ತಿತ್ತು.

"ಮೊದಲ ವರ್ಷಕ್ಕೆ ಅರವತ್ತು ಮಕ್ಕಳು ಸೇರುತ್ತಾರೆ. ದೀಪಾವಳಿಗೆ ಮನೆಗೆ ಹೋದವರಲ್ಲಿ ಅರ್ಧ ಜನ ತಿರುಗಿ ಬರುವುದಿಲ್ಲ. ಅವರ ಮನೆಗಳಲ್ಲಿ ಅವರಿಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲ. ನಾನೇ ಕೂತು ಹೇಳಿಕೊಡುತ್ತೇನೆ, ಭಾನುವಾರವೂ ಬಿಡುವುದಿಲ್ಲ. ಹಳಬರು ಹೊಸಬರನ್ನು ಕಾಡಬಾರದೆಂದು ಹೊಸಬರಿಗೆ ಬೆಳಿಗ್ಗೆ ಪಾಠ, ಹಳಬರಿಗೆ ಮಧ್ಯಾಹ್ನ ಎರಡು ಗಂಟೆಗೆ ಎಂದು ಮಾಡಿದೆ. ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ. ಆದರೂ ನಿಲ್ಲುವುದಿಲ್ಲ. ದಾನಮ್ಮ ಅಂತ ಒಬ್ಬಳು ಹುಡುಗಿ ಇದ್ದಾಳೆ, ಕುರಿ ಕಾಯುವವರ ಮನೆಯವಳು. ಒಳ್ಳೆಯ ಬುದ್ಧಿ. ನಾಳೆ ಬೆಳಿಗ್ಗೆ ಬಂದು ಟಿಸಿ ಬರೆಸಿಕೊಂಡು ಹೋಗುತ್ತೇನೆ ಅಂದಿದ್ದಾಳೆ. ಯಾಕವ್ವಾ ಅಂದರೆ ನೆಲ ನೋಡುತ್ತಾಳೆ. ಅವಳಿಗೆ ಏನು ಹೇಳಿ ನಿಲ್ಲಿಸಲಿ?"

ಅಜ್ಜಾರು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಕೈ ಎಂದರೆ ಅವನದೇ ಕೈ. ಅವನು ನೇಯ್ದ ಸೀರೆಯನ್ನೇ ಉಟ್ಟು ಹಸೆಗೆ ಕೂರಬೇಕೆಂದು ಮದುವೆಯ ದಿನವನ್ನು ಮುಂದೆ ಹಾಕಿಸಿದ ಹೆಣ್ಣುಮಕ್ಕಳಿದ್ದರು. ವಯಸ್ಸಾಗುತ್ತ ಬಂತು. ಮಕ್ಕಳಿರಲಿಲ್ಲ. ಈ ಕೆಲಸ ನನ್ನ ಜೊತೆಗೇ ಮಣ್ಣಿಗೆ ಹೋಗಬಾರದು ಎನಿಸಿತು. ಮನೆಯ ಪಕ್ಕ ಚಪ್ಪರ ಹಾಕಿ ಹತ್ತು ಮಗ್ಗ ಇಟ್ಟ. ಯಾರೇ ಬರಲಿ, ಒಂದು ವರ್ಷ ಕಲಿಸುತ್ತೇನೆ, ಊಟವೂ ನನ್ನದೇ ಎಂದ.

ಒಂದು ಕಟ್ಟಳೆ ಮಾತ್ರ ಇಟ್ಟ. ವರ್ಷ ಮುಗಿಸಿದವರೆಲ್ಲ ಹೊರಟುಹೋದ ಮೇಲೆಯೇ ಹೊಸಬರು ಚಪ್ಪರದೊಳಗೆ ಕಾಲಿಡಬೇಕು. ಅರೆಬರೆ ಕಲಿತವರ ಹತ್ತಿರ ಕಲಿತರೆ ಕೆಟ್ಟ ಚಾಳಿ ಅಂಟುತ್ತದೆ, ನನ್ನ ಕೈಯಿಂದ ನೇರವಾಗಿ ಬರಲಿ ಎಂದು ಅವನ ಲೆಕ್ಕ. ಪಾಪ, ಅವನ ಆಸೆಯಲ್ಲಿ ಕೆಡುಕಿರಲಿಲ್ಲ.

ಹತ್ತು ಜನ ಬರುತ್ತಿದ್ದರು. ಮೂರು ತಿಂಗಳು ಕಳೆಯುವುದರೊಳಗೆ ನಾಲ್ವರು ಉಳಿಯುತ್ತಿದ್ದರು. ಒಬ್ಬರ ತಾಯಿಗೆ ಹುಷಾರಿಲ್ಲ, ಇನ್ನೊಬ್ಬರಿಗೆ ಬೆನ್ನುನೋವು. ನೇಕಾರ ಎಲ್ಲವನ್ನೂ ನಂಬುತ್ತಿದ್ದ. ಖಾಲಿಯಾದ ಮಗ್ಗದ ಮುಂದೆ ಹೋಗಿ ನಿಂತುಬಿಡುತ್ತಿದ್ದ. ಹೆಂಡತಿ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ.

ಒಂದು ವರ್ಷ ಒಬ್ಬಳು ಹುಡುಗಿ ಬಂದಳು. ಚುರುಕು ಹುಡುಗಿ. ಆದರೆ ಮಗ್ಗಕ್ಕೆ ಕೂತರೆ ಎಳೆ ಹರಿಯುತ್ತಿತ್ತು. ಕೂಡಿಸಲು ಹೋದರೆ ಬೆರಳಿನಿಂದ ಜಾರುತ್ತಿತ್ತು. ನೇಕಾರ ಬೇಸರಪಡುತ್ತಿರಲಿಲ್ಲ. ಹಿಂದಿನಿಂದ ಬಂದು, ಕಣ್ಣು ಮಿಟುಕಿಸುವುದರಲ್ಲಿ ಹರಿದದ್ದನ್ನು ಹೊಸೆದು, "ನೋಡವ್ವಾ, ಇಷ್ಟೇ" ಎಂದು ಹೋಗುತ್ತಿದ್ದ. ಅವಳು ನೋಡುತ್ತಿದ್ದಳು. ಏನೂ ಕಾಣುತ್ತಿರಲಿಲ್ಲ. ಈ ಕೆಲಸ ನನ್ನಂಥವಳಿಗಲ್ಲ ಎಂದು ದಿನಕ್ಕಿಷ್ಟು ಕುಗ್ಗುತ್ತ ಬಂದಳು.

ಅಂತೂ ಇಂತೂ ಅವಳ ಮೊದಲ ಸೀರೆ ಮುಗಿಯಿತು. ಇದರಲ್ಲಾದರೂ ಯಜಮಾನರು ಮೆಚ್ಚಲಿ ಎಂದು ಸೀರೆಯನ್ನು ಮಗ್ಗದಿಂದ ಕೊಯ್ದು ಮಡಿಸಿಟ್ಟಳು. ಮಗ್ಗದಲ್ಲಿ ಉಳಿದಿದ್ದ ಎಳೆಗಳನ್ನೆಲ್ಲ ಜಗ್ಗಿ ತೆಗೆದಳು. ಕಸ ಹೊಡೆದಳು. ಒದ್ದೆ ಬಟ್ಟೆಯಿಂದ ಮಗ್ಗ ಒರೆಸಿ, ಅವನು ಬರುವ ದಾರಿ ನೋಡುತ್ತ ಕೂತಳು.

ನೇಕಾರ ಬಂದು ನೋಡಿದ. ಮಡಿಸಿಟ್ಟ ಸೀರೆಯನ್ನು ಮುಟ್ಟದೆ ನೇರ ಮಗ್ಗದ ಹತ್ತಿರ ಹೋದ.

ನೇಯುವವರು ಯಾರೂ ಮಗ್ಗವನ್ನು ಹಾಗೆ ಬರಿದು ಮಾಡುವುದಿಲ್ಲ. ಒಂದು ಸೀರೆ ಮುಗಿದರೆ, ಹಳೆಯ ಎಳೆಗಳನ್ನು ಒಂದು ಗೇಣಿನಷ್ಟು ಅಲ್ಲೇ ಬಿಡುತ್ತಾರೆ. ಹೊಸ ಎಳೆ ಒಂದೊಂದನ್ನೂ ತಂದು ಹಳೆಯ ಎಳೆ ಒಂದೊಂದಕ್ಕೆ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆಮೇಲೆ ಮುಂದಿನಿಂದ ಮೆಲ್ಲಗೆ ಎಳೆದರೆ, ಹಳೆಯದು ಮುಂದೆ ಹೋಗುತ್ತ ಹೊಸದನ್ನು ಕೈಹಿಡಿದು ಕರೆತರುತ್ತದೆ. ಮಗ್ಗದಲ್ಲಿ ಎಳೆ ಹಾಯುವ ನೂಲಿನ ಕಣ್ಣುಗಳನ್ನು ದಾಟಿಸುತ್ತದೆ, ಬಾಚಣಿಗೆಯಂಥ ಹಣಿಗೆಯ ಸಂದಿಯನ್ನೂ ದಾಟಿಸುತ್ತದೆ. ಹಳೆಯದು ಇಲ್ಲದಿದ್ದರೆ ಎರಡು ಸಾವಿರಕ್ಕೂ ಮೇಲ್ಪಟ್ಟ ಎಳೆಗಳನ್ನು ಒಂದೊಂದಾಗಿ ಕೈಯಿಂದ ಪೋಣಿಸಬೇಕು. ದಿನಗಟ್ಟಲೆ ಬೇಕು. ಅರ್ಧದಷ್ಟು ಎಳೆಗಳು ದಾರಿಯಲ್ಲೇ ಹರಿಯುತ್ತವೆ.

ಎಂದೂ ಗದರದವನು ಅಂದು ಗದರಿದ. "ಏನು ಮಾಡಿಬಿಟ್ಟೆಯೇ! ಹಳೇದನ್ನೆಲ್ಲ ಕಿತ್ತು ಹಾಕಿದರೆ, ಹೊಸ ಎಳೆ ಯಾರನ್ನು ಹಿಡಿದುಕೊಂಡು ಒಳಗೆ ಬರಬೇಕು?"

ಹುಡುಗಿ ಎದ್ದು ಮೂಲೆಯಲ್ಲಿದ್ದ ತನ್ನ ಬಟ್ಟೆಯ ಗಂಟು ತೆಗೆದುಕೊಂಡಳು. ಅದನ್ನು ಕಟ್ಟಿಟ್ಟು ಆಗಲೇ ಎಂಟು ದಿನವಾಗಿತ್ತು. ಬಾಗಿಲಲ್ಲಿ ತಿರುಗಿ ನಿಂತು ಅಂದಳು, "ನನಗೆ ಹೇಗೆ ಗೊತ್ತಾಗಬೇಕು ಯಜಮಾನರೇ? ನಾನು ಬಂದ ದಿನ ಇಲ್ಲಿ ಹಳಬರು ಅಂತ ಒಬ್ಬರೂ ಇರಲಿಲ್ಲ."

ನೇಕಾರ ಒಮ್ಮೆ ಬರಿದಾದ ಮಗ್ಗ ನೋಡಿದ. ಒಮ್ಮೆ ಅವಳ ಗಂಟು ನೋಡಿದ. ಆಮೇಲೆ ಹೆಂಡತಿಯನ್ನು ಕೂಗಿ, ಹಿಂದಿನ ವರ್ಷ ಕಲಿತು ಪಕ್ಕದ ಓಣಿಯಲ್ಲಿ ಮಗ್ಗ ಹಾಕಿಕೊಂಡಿದ್ದ ಒಬ್ಬಳನ್ನು ಕರೆತಾ ಎಂದ.

ಆ ಹಳಬಳು ಬಂದಳು. ಮಗ್ಗ ನೋಡಿ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಅಯ್ಯ, ಒರೆಸಿ ಬೇರೆ ಇಟ್ಟಿದ್ದೀಯಲ್ಲೇ! ಅರಿಶಿನ ಕುಂಕುಮ ಒಂದು ಬಾಕಿ."

ಬಾಗಿಲಲ್ಲೇ ಅಳುತ್ತ ನಿಂತಿದ್ದ ಹುಡುಗಿಗೂ ನಗು ಬಂತು.

"ಎಳೆ ಜಾರುತ್ತದೆ ಅಲ್ಲೇನೇ? ತಾ ಇಲ್ಲಿ ಬೆರಳು." ಹಳಬಳು ಒಲೆಯಿಂದ ಚಿಟಿಕೆ ಬೂದಿ ತಂದು ಅವಳ ಬೆರಳಿಗೆ ಹಚ್ಚಿದಳು. ಎರಡು ಎಳೆ ಕೈಗಿತ್ತು ನಿಧಾನವಾಗಿ ಹೊಸೆಸಿದಳು. ಎಳೆ ಕೂಡಿತು. "ನನಗೆ ದಿನಕ್ಕೆ ಐವತ್ತು ಹರಿಯುತ್ತಿದ್ದವು. ಹಿತ್ತಿಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಕೂರುತ್ತಿದ್ದೆ. ಈ ಬೂದಿ ಗೊತ್ತಾದದ್ದು ಇಲ್ಲಿಂದ ಹೋದ ಮೇಲೆ."

ನೇಕಾರ ತನ್ನ ಬೆರಳು ನೋಡಿಕೊಂಡ. ಜಡ್ಡುಗಟ್ಟಿದ ಬೆರಳು. ಬೂದಿ ಮುಟ್ಟಿ ನಲವತ್ತು ವರ್ಷವಾಗಿತ್ತು. ಅಂಥದೊಂದು ಬೇಕು ಎನ್ನುವುದೇ ಮರೆತುಹೋಗಿತ್ತು.

"ಅಳುತ್ತಿದ್ದೆಯಾ? ನನಗೊಂದು ಮಾತು ಹೇಳಬಾರದಿತ್ತೇನವ್ವಾ?" ಎಂದು ಹಳಬಳನ್ನು ಕೇಳಿದ.

"ನಿಮ್ಮ ಕೈಯಲ್ಲಿ ಎಳೆ ಹರಿದದ್ದನ್ನು ನಾನು ಯಾವತ್ತು ಕಂಡಿದ್ದೆ ಯಜಮಾನರೇ, ಹೇಳುವುದಕ್ಕೆ?"

ಮೂವರೂ ಕೂತು ಎಳೆ ಪೋಣಿಸಿದರು. ಮೂರು ದಿನ ಹಿಡಿಯಿತು. ಮೂರನೆಯ ದಿನ ಮಗ್ಗ ತುಂಬಿ ನೇಕಾರ ಹೊರಗೆ ಬಂದಾಗ, ಹುಡುಗಿಯ ಗಂಟು ಬಿಚ್ಚಿತ್ತು. ಅವಳ ಬಟ್ಟೆಗಳು ಹಿತ್ತಿಲಿನ ಹಗ್ಗದ ಮೇಲೆ ಒಣಗುತ್ತಿದ್ದವು. ಅವನು ಅಂದೇ ತನ್ನ ಕಟ್ಟಳೆಯನ್ನು ತೆಗೆದುಹಾಕಿದ.

ಅಜ್ಜಾರು ಕತೆ ನಿಲ್ಲಿಸಿದರು.

ಮಲ್ಲಿನಾಥ ಕೇಳಿದ, "ಕತೆ ಚೆನ್ನಾಗಿದೆ ಅಜ್ಜಾರೇ. ಆದರೆ ನಾಳೆ ಬೆಳಿಗ್ಗೆ ಆ ದಾನಮ್ಮ ಬಂದು ನಿಂತರೆ ನಾನು ಏನು ಹೇಳಲಿ?"

"ಈಗ ಬೇಡವ್ವಾ, ಎರಡು ಗಂಟೆಗೆ ಬಾ ಅನ್ನು."

ಅದು ಹಳಬರು ಪಾಠಕ್ಕೆ ಬರುವ ಹೊತ್ತೆಂದು ಹೊಳೆದು ಮಲ್ಲಿನಾಥ ಕೈಮುಗಿದು ಎದ್ದ.