ಅಳು ಬಾರದ ಚಿಪ್ಪುಹಂದಿ

ಹೊತ್ತೇರಿದರೂ ಮಂಜು ಕರಗದ ಒಂದು ಕಾಡಿನಲ್ಲಿ ಚುಕ್ಕವ್ವ ಎಂಬ ಲಾವಕ್ಕಿ ಇದ್ದಳು. ಎತ್ತರದ ಹುಲ್ಲಿನ ನಡುವೆ, ನೆಲದ ಮೇಲೆಯೇ ಅವಳ ಗೂಡು. ಅದರಲ್ಲಿ ಏಳು ಮೊಟ್ಟೆ. ಕಾವಿಗೆ ಕೂತರೆ ಅವಳಿಗೆ ಅರೆನಿದ್ದೆ ಬಂದ ಹಾಗಾಗುತ್ತಿತ್ತು. ಹುಲ್ಲು ತೂಗುವುದು, ದೂರದ ಹಳ್ಳ ಹರಿಯುವುದು, ಚಿಪ್ಪಿನೊಳಗೆ ಮರಿ ಮಿಸುಕುವುದು, ಎಲ್ಲವೂ ಒಂದೇ ಸದ್ದಾಗಿ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಅವಳು ನೀರು ಕುಡಿದು ಬರುವಷ್ಟರಲ್ಲಿ ಮೂರು ಮೊಟ್ಟೆ ಮಾಯವಾಗಿದ್ದವು.

ಅವಳ ಕೂಗಿಗೆ ಮೊದಲು ಓಡಿ ಬಂದವನು ಮುಂಗುಸಿ ಕೆಂಚಣ್ಣ. ಕಾಡಿನಲ್ಲಿ ಅವನನ್ನು ಮೆಚ್ಚದವರೇ ಇರಲಿಲ್ಲ. ಎಲ್ಲರ ಮಕ್ಕಳ ಹೆಸರೂ ಅವನಿಗೆ ಬಾಯಿಪಾಠ. ಯಾರ ಮನೆಯಲ್ಲಿ ಸಾವಾದರೂ ಮನೆಯವರಿಗಿಂತ ಮೊದಲು ಅವನ ಕಣ್ಣು ತುಂಬುತ್ತಿತ್ತು. ಅಂದೂ ಚುಕ್ಕವ್ವನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತ. ಅದನ್ನು ನೋಡಿ ಅವಳ ಎದೆಭಾರ ಒಂದಿಷ್ಟು ಇಳಿಯಿತು.

ಚಿಪ್ಪುಹಂದಿ ಬಿಲ್ಲಯ್ಯನೂ ಬಂದ. ಮೈತುಂಬ ಗಟ್ಟಿ ಚಿಪ್ಪು, ಒಂಟಿ ಬದುಕು, ಮಾತು ಕಡಿಮೆ. ಗೂಡಿನ ಸುತ್ತ ನೆಲ ಮೂಸಿ ನೋಡಿದ. ಇಲ್ಲಿಗೆ ದಾರಿ ಗೊತ್ತಿರುವವರೇ ಬಂದಿದ್ದಾರೆ, ಇನ್ನು ಮೊಟ್ಟೆ ಬಿಟ್ಟು ಎಲ್ಲಿಗೂ ಹೋಗಬೇಡ ಎಂದು ಹೇಳಿ ಹೊರಟುಹೋದ. ಅವನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ಅವನು ಮರೆಯಾದ ಮೇಲೆ ಕೆಂಚಣ್ಣ ದನಿ ತಗ್ಗಿಸಿದ. ನೆಲದ ಮೇಲೆ ಬಿಲ್ಲಯ್ಯನ ಉಗುರಿನ ಗುರುತು ಇದೆಯಲ್ಲ ಎಂದ. ಇಂಥ ಸಂಕಟ ಕಂಡೂ ಅಳದವನಿಗೆ ಹೃದಯವೇ ಇಲ್ಲ, ಅಂಥವನು ಏನು ಮಾಡಲೂ ಹೇಸುವುದಿಲ್ಲ ಎಂದ. ಬಿಲ್ಲಯ್ಯ ತನ್ನ ತಾಯಿ ಸತ್ತಾಗಲೂ ಅತ್ತಿರಲಿಲ್ಲ ಎಂಬುದು, ಕೂಗು ಕೇಳಿ ಬಂದು ಸೇರಿದ್ದ ಮುದಿ ಕೋತಿ ಮುಸುವಜ್ಜಿಗೆ ನೆನಪಾಯಿತು. ಆ ಚಿಪ್ಪು ಕಂಡರೆ ತನಗೆ ಮೊದಲಿನಿಂದಲೂ ಭಯ ಎಂದಿತು ಮೊಲ. ಮಂಜು ತಿಳಿಯಾಗುವ ಹೊತ್ತಿಗೆ ತೀರ್ಮಾನವಾಗಿತ್ತು: ನಾಳೆ ಬೆಳಗಾಗುತ್ತಲೇ ಬಿಲ್ಲಯ್ಯ ಹಳ್ಳ ದಾಟಿ ಹೋಗಬೇಕು.

ಅದನ್ನು ಚುಕ್ಕವ್ವನೇ ಅವನಿಗೆ ತಿಳಿಸಿದಳು. ಅವನು "ಆಗಲಿ" ಎಂದನಷ್ಟೆ. ತಪ್ಪು ಮಾಡಿದವನು ಬೇರೇನು ಹೇಳಿಯಾನು ಎಂದುಕೊಂಡಳು.

ಮರುದಿನ ಕೆಂಚಣ್ಣ ಕಾವಲಿಗೆ ಬಂದ. ಚುಕ್ಕವ್ವ ಹಿಂದಿನ ದಿನದಿಂದ ಒಂದು ಕಾಳೂ ತಿಂದಿರಲಿಲ್ಲ. "ಹೋಗಿ ಹೊಟ್ಟೆಗೆ ಏನಾದರೂ ಹಾಕಿಕೊಂಡು ಬಾ ತಂಗೀ. ನಾನಿಲ್ಲವಾ?" ಎಂದ. ಅವಳು ಹೊರಟಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕನಸಿನಲ್ಲಿ ನಡೆದ ಹಾಗೆ ನಡೆದಳು, ಕನಸಿನಲ್ಲಿ ತಿಂದ ಹಾಗೆ ತಿಂದಳು. ಆಗ ಗೂಡಿನ ಕಡೆಯಿಂದ ಕಲ್ಲು ಕೆರೆಯುವಂಥ ಸದ್ದು ಬಂತು.

ಓಡಿ ಬಂದಳು. ಗೂಡಿದ್ದಲ್ಲಿ ಬಿಲ್ಲಯ್ಯ ಉಂಡೆಯಾಗಿ ಸುತ್ತಿಕೊಂಡು ಬಿದ್ದಿದ್ದ. ಕೆಂಚಣ್ಣ ಅವನ ಚಿಪ್ಪನ್ನು ಕಚ್ಚಿ ಕಚ್ಚಿ ಎಳೆಯುತ್ತಿದ್ದ. ಆ ಮುಖದಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಯಾರೂ ವಾಸವಿಲ್ಲದ ಮನೆಯ ಹಾಗಿತ್ತು ಅದು.

ಅವಳನ್ನು ಕಂಡದ್ದೇ ತಡ, ಕೆಂಚಣ್ಣನ ಕಣ್ಣು ತುಂಬಿ ಬಂತು. "ನೋಡಿದೆಯಾ ತಂಗೀ, ಇವನು ನಿನ್ನ ಮಕ್ಕಳನ್ನು..." ಎಂದು ಬಿಕ್ಕಿದ. ಕಣ್ಣೀರು ಕೆನ್ನೆಯಿಂದ ಇಳಿದು ಮೀಸೆಗೆ ಬಂತು. ಮೀಸೆಗೆ ಹಳದಿ ಲೋಳೆ ಮೆತ್ತಿತ್ತು. ಚುಕ್ಕವ್ವ ಅದನ್ನೇ ನೋಡುತ್ತ ನಿಂತಳು. ಆಮೇಲೆ ಕಾಡೆಲ್ಲ ಕೇಳುವಂತೆ ಕೂಗಿದಳು.

ಎಲ್ಲರೂ ಬಂದರು. ಕೆಂಚಣ್ಣ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಅತ್ತ. ಅಳುವ ಬಾಯಲ್ಲಿ ಚಿಪ್ಪು ಕಚ್ಚಿ ಎರಡು ಹಲ್ಲು ಮುರಿದದ್ದೂ ಮೀಸೆಯ ಹಳದಿ ಲೋಳೆಯೂ ಎಲ್ಲರಿಗೂ ಕಂಡವು. ಈ ಸಲ ಅವನ ಜೊತೆ ಯಾರೂ ಅಳಲಿಲ್ಲ. ಹಳ್ಳದ ಆಚೆಗೆ ಅವನನ್ನು ಅಟ್ಟಿದರು.

ಬಿಲ್ಲಯ್ಯ ಮೆಲ್ಲಗೆ ಮೈ ಬಿಚ್ಚಿದ. ಅವನ ಹೊಟ್ಟೆಗೆ ಒತ್ತಿಕೊಂಡು ಮೂರು ಮೊಟ್ಟೆ ಬೆಚ್ಚಗಿದ್ದವು. ಕಾಡು ಬಿಟ್ಟು ಹೊರಟವನು ಇದೇ ದಾರಿಯಲ್ಲಿ ಬಂದಿದ್ದ. ಒಂದು ಮೊಟ್ಟೆ ಆಗಲೇ ಕೆಂಚಣ್ಣನ ಬಾಯಲ್ಲಿತ್ತು.

ಚುಕ್ಕವ್ವ ಅವನ ಕಾಲ ಬಳಿ ತಲೆ ಬಾಗಿಸಿ ಕ್ಷಮೆ ಕೇಳಿದಳು. "ಓಡಿಸಿದವಳ ಮೇಲೂ ನಿನಗೆ ಇಷ್ಟು ಮರುಕವಾ ಬಿಲ್ಲಯ್ಯ?"

ಅವನು ಮೊಟ್ಟೆಗಳನ್ನು ಮೆಲ್ಲಗೆ ಅವಳತ್ತ ಸರಿಸಿದ. "ನಿಮಗೆಲ್ಲ ಮರುಕ ಆಗುತ್ತದಲ್ಲ, ಹಾಗೆ ನನಗೆ ಆಗುವುದಿಲ್ಲ ಚುಕ್ಕವ್ವ. ಹುಟ್ಟಿದಾಗಿನಿಂದ ಹೀಗೇ. ಆದರೆ ಅವು ನಿನ್ನ ಮೊಟ್ಟೆ, ಅವನು ತಿನ್ನಬಾರದು. ಅಷ್ಟು ನನಗೆ ಗೊತ್ತು."

ಹೋಗಬೇಡ ಎಂದಳು ಅವಳು. ಅವನು ಉಳಿದ.

ಕೆಲವು ದಿನಗಳಲ್ಲಿ ಮೂರು ಮರಿಗಳು ಹೊರಬಂದವು. ಮಂಜಿನಲ್ಲಿ ಬಿಲ್ಲಯ್ಯನ ಬೆನ್ನು ಹತ್ತುವುದು, ಜಾರುವುದು, ಮತ್ತೆ ಹತ್ತುವುದು, ಅದೇ ಅವುಗಳ ಆಟ. ಬಿಲ್ಲಯ್ಯ ನಗುತ್ತಿರಲಿಲ್ಲ. ಕೊನೆಯ ಮರಿ ಜಾರಿ ಇಳಿಯುವವರೆಗೆ ಅಲುಗಾಡುತ್ತಲೂ ಇರಲಿಲ್ಲ.

ನೀತಿ: ಕಲ್ಲೆದೆಯವರ ಮುಖದಲ್ಲಿ ಕ್ರೌರ್ಯ ಕಾಣುತ್ತದೆ ಎಂದು ನಂಬಬೇಡಿ, ಅಳು ಬಾರದವರೆಲ್ಲ ಕೆಟ್ಟವರೆಂದೂ ತಿಳಿಯಬೇಡಿ. ಕಣ್ಣೀರು ನೋಡಿ ತೀರ್ಮಾನಿಸದೆ, ಅವರು ಏನು ಮಾಡುತ್ತಾರೆ ಎಂಬುದನ್ನು ನೋಡಿ.