ಮುಖ ತಿರುಗಿಸಿ ಬಂದ ವಿಮಾನ

ಬತ್ತಿದ ಕೆರೆಯಂಗಳದಲ್ಲಿ ಚಿದಂಬರಯ್ಯನವರು ರಿಮೋಟಿನ ವಿಮಾನ ಹಾರಿಸಲು ಕಲಿಯುತ್ತಿದ್ದರು. ಅವರಿಗೆ ಬೆನ್ನು ಮಾಡಿ ದೂರ ಹಾರುವಷ್ಟು ಹೊತ್ತು ವಿಮಾನ ಅವರೆಣಿಸಿದ ಕಡೆಗೇ ತಿರುಗಿತು. ಮರಳಿ ಅವರತ್ತ ಬರುವಾಗ ಅವರ ಬಲಗಡೆಯ ಬೇವಿನ ಮರಕ್ಕೆ ಹತ್ತಿರವಾಯಿತು. ಅವರು ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿದರು.

“ಎಡಕ್ಕೆ ತಿರುಗು” ಎಂದಿತು ರಿಮೋಟು.

“ಈಗ ನಾನೂ ಅವರೂ ಎದುರುಬದುರಾಗಿದ್ದೇವೆ. ಅವರ ಬಲವೇ ನನಗೆ ಎಡ. ನನ್ನ ಎಡಕ್ಕೇ ಮರವಿದೆ. ಅವರಿಗೊಮ್ಮೆ ತಿಳಿಸು” ಎಂದಿತು ವಿಮಾನ.

“ಅವರ ಮಾತನ್ನು ನಿನಗೆ ಮುಟ್ಟಿಸುವುದಷ್ಟೇ ನನ್ನ ಕೆಲಸ. ನಿನ್ನ ಮಾತನ್ನು ಅವರಿಗೆ ಮುಟ್ಟಿಸುವುದಲ್ಲ.”

ವಿಮಾನ ಎಡಕ್ಕೆ ವಾಲಿತು. ಅದು ಮರದತ್ತಲೇ ಹೋಗುವುದನ್ನು ಕಂಡು ಗಾಬರಿಯಾದ ಚಿದಂಬರಯ್ಯನವರು ಕಡ್ಡಿಯನ್ನು ಇನ್ನಷ್ಟು ಎಡಕ್ಕೆ ತಳ್ಳಿದರು. ವಿಮಾನವೂ ಇನ್ನಷ್ಟು ಎಡಕ್ಕೆ ವಾಲಿತು. ಕೊಂಬೆಗೆ ಬಡಿದು, ರೆಕ್ಕೆ ಮುರಿದು ನೆಲಕ್ಕೆ ಬಿತ್ತು.

ಚಿದಂಬರಯ್ಯನವರು ಏದುಸಿರು ಬಿಡುತ್ತ ಓಡಿ ಬಂದು ಚೂರುಗಳನ್ನು ಆಯ್ದುಕೊಂಡರು.

“ಎಷ್ಟು ಹೇಳಿದರೂ ಮಾತೇ ಕೇಳಲಿಲ್ಲವಲ್ಲ ಇದು!” ಎಂದು ಬೈದರು.

ಎಲ್ಲವನ್ನೂ ಬಲ್ಲ ರಿಮೋಟು ಅವರ ಕಂಕುಳಲ್ಲೇ ಇತ್ತು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.