ಮೂವತ್ತನೆಯ ಹೊಳೆ

ಹೊಳೆದಂಡೆಯ ಒಂದು ಆಶ್ರಮದಲ್ಲಿ ಆರಾಧ್ಯರೆಂಬ ಗುರುಗಳಿದ್ದರು. ಶಿಷ್ಯರಿಗೆ ಅವರು ಮಂತ್ರ ಹೇಳಿಕೊಡಲಿಲ್ಲ, ಫೋಟೋ ತೆಗೆಯುವುದನ್ನು ಹೇಳಿಕೊಟ್ಟರು.

ಪ್ರತಿ ಯುಗಾದಿಯ ಬೆಳಗ್ಗೆ ಅವರು ಅದೇ ಮೆಟ್ಟಿಲ ಮೇಲೆ ನಿಂತು ಹೊಳೆಯ ಒಂದೇ ಒಂದು ಚಿತ್ರ ತೆಗೆಯುತ್ತಿದ್ದರು. ಎಲ್ಲವೂ ಬೆಳಕಿಗೆ ಹಿಡಿದು ನೋಡುವ ಸ್ಲೈಡು, ಎಲ್ಲವೂ ಒಂದೇ ಜಾತಿಯ ಫಿಲ್ಮು. ಹೀಗೆ ಇಪ್ಪತ್ತೊಂಬತ್ತು ವರ್ಷ.

ಆಮೇಲೆ ಆ ಫಿಲ್ಮು ತಯಾರಾಗುವುದೇ ನಿಂತುಹೋಯಿತು. ಗುರುಗಳ ಕಣ್ಣಿಗೂ ಪೊರೆ ಬಂತು.

"ಈ ಸಲದ್ದು ನೀನೇ ತೆಗಿ," ಎಂದರು ಶಿಷ್ಯ ಚೆನ್ನಂಜನಿಗೆ.

ಅಂದಿನಿಂದ ಚೆನ್ನಂಜನಿಗೆ ಊಟ ಸೇರಲಿಲ್ಲ. ಇಪ್ಪತ್ತೊಂಬತ್ತರ ಪಕ್ಕದಲ್ಲಿ ತನ್ನದೊಂದು ಬೇರೆಯೇ ಬಣ್ಣದಲ್ಲಿ ನಿಂತರೆ, ಗುರುಗಳ ಜೀವಮಾನದ ಕೆಲಸ ತನ್ನ ಕೈಯಲ್ಲಿ ಕೆಟ್ಟಂತಲ್ಲವೆ?

ಈಗ ಸಿಗುವ ಐದು ಬಗೆಯ ಫಿಲ್ಮು ತರಿಸಿದ. ಐದರಲ್ಲೂ ಅದೇ ಹೊಳೆ ತೆಗೆದ. ಒಂದರಲ್ಲಿ ನೀರು ಪಾಚಿ ಹಸಿರು. ಒಂದರಲ್ಲಿ ಮರಳಿಗೆ ಕುಂಕುಮ ಚೆಲ್ಲಿದ ಹಾಗೆ. ಒಂದರಲ್ಲಿ ಎಲ್ಲವೂ ಮಜ್ಜಿಗೆನೀರು. ಉಳಿದೆರಡು ಹಳೆಯದರ ಹತ್ತಿರ ಬಂದು ಬಂದು ತಪ್ಪಿಸಿಕೊಳ್ಳುತ್ತಿದ್ದವು. ನೋಡಿ ನೋಡಿ ಅವನ ತಲೆ ಕೆಟ್ಟು ಕೆರ ಹಿಡಿಯಿತು.

ಯುಗಾದಿಯ ಹಿಂದಿನ ದಿನ ಆ ಎರಡನ್ನೂ ಗುರುಗಳ ಮುಂದೆ ಇಟ್ಟ.

"ಗುರುಗಳೇ, ನಿಮ್ಮ ಹೊಳೆ ಯಾವುದರಲ್ಲಿದೆ?"

ಗುರುಗಳು ಎಡಗಣ್ಣು ಮುಚ್ಚಿ ನೋಡಿದರು. "ಇದರಲ್ಲಿ."

ಚೆನ್ನಂಜನಿಗೆ ಹೋದ ಜೀವ ಬಂದಂತಾಯಿತು.

ಗುರುಗಳು ಬಲಗಣ್ಣು ಮುಚ್ಚಿ ಮತ್ತೆ ನೋಡಿದರು. "ಅಲ್ಲಲ್ಲ, ಅದರಲ್ಲಿ."

ಶಿಷ್ಯ ಕಣ್ಣು ಕಣ್ಣು ಬಿಟ್ಟ.

"ಬಲಗಣ್ಣಿನ ಪೊರೆ ಹೋದ ತಿಂಗಳು ತೆಗೆಸಿದೆನಲ್ಲಪ್ಪ," ಎಂದರು ಗುರುಗಳು. "ಅದಕ್ಕೆ ಲೋಕವೆಲ್ಲ ಹೊಸದಾಗಿ ಸುಣ್ಣ ಹೊಡೆದ ಹಾಗಿದೆ. ಎಡಗಣ್ಣಿಂದು ಇನ್ನೂ ತೆಗೆಸಿಲ್ಲ. ಅದಕ್ಕೆ ಎಲ್ಲದರ ಮೇಲೂ ಅರಿಶಿನದ ನೀರು."

"ಯಾವ ಕಣ್ಣು ಹೇಳೋದು ನಿಜ?"

"ಎರಡೂ ನನ್ನವೇ. ಯಾವುದನ್ನ ಸುಳ್ಳುಗಾರ ಅನ್ನಲಿ?"

"ಹಳೇವನ್ನ ತೆಗೆಯುವಾಗ ಕಣ್ಣು ಸರಿಯಿತ್ತಲ್ಲ?"

"ಇತ್ತು ಅಂದ್ಕೊಂಡಿದ್ದೆ. ಪೊರೆ ಬರೋವಾಗ ಹೇಳಿ ಬರುತ್ತೇನಯ್ಯ?"

ಚೆನ್ನಂಜನಿಗೆ ಅಳುವೇ ಬಂತು. ಬೆಳಗಾದರೆ ಯುಗಾದಿ, ಒಂದೇ ಕ್ಲಿಕ್ಕು. ಇವರು ನೋಡಿದರೆ ತಮಾಷೆ ಮಾಡುತ್ತಾ ಕೂತಿದ್ದಾರೆ. ಗುರುಗಳ ಮೇಲೆ ಅವನಿಗೆ ಸಿಟ್ಟೂ ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಬೇವುಬೆಲ್ಲ ತಿನ್ನುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತ. ಒಂದೊಂದು ಕೈಯಲ್ಲಿ ಒಂದೊಂದು ರೋಲು. ಕ್ಯಾಮೆರಾ ಮಾತ್ರ ಖಾಲಿ. ಆಚೆ ದಡದಲ್ಲಿ ಬೆಳಕು ಮೂಡುತ್ತಿತ್ತು.

ಗುರುಗಳು ಬಂದು ಪಕ್ಕದಲ್ಲಿ ಕೂತರು. ಹೆಗಲ ಮೇಲಿನ ಟವಲು ತೆಗೆದು ತಮ್ಮ ಎರಡೂ ಕಣ್ಣಿಗೆ ಸಡಿಲವಾಗಿ ಕಟ್ಟಿಕೊಂಡರು.

"ಇದೇನು ಗುರುಗಳೇ?"

"ಈ ಎರಡರ ಜಗಳ ಸಾಕು ಅಂತ. ಹೇಳು, ಹೊಳೆ ಯಾವ ಬಣ್ಣ ಇದೆ?"

ಚೆನ್ನಂಜ ಗಡಿಬಿಡಿಯಲ್ಲಿ ಜೇಬಿನಿಂದ ಹೋದ ವರ್ಷದ ಸ್ಲೈಡು ತೆಗೆದು ಆಕಾಶಕ್ಕೆ ಹಿಡಿದ. "ನೀಲಿ... ಅಂಚಿನಲ್ಲಿ ಒಂಚೂರು ತಾಮ್ರದ ಬಣ್ಣ..."

"ಅದನ್ನ ತೆಗೆದವನು ನಾನೇ ಕಣಯ್ಯ, ಅದರ ಬಣ್ಣ ನನಗೆ ಗೊತ್ತು," ಎಂದರು ಗುರುಗಳು. "ಇವತ್ತಿನ ಹೊಳೆ ನೋಡೋಕೆ ಈ ಮೆಟ್ಟಿಲ ಮೇಲೆ ಇರೋನು ನೀನೊಬ್ಬನೇ."